ಪುಕ್ಕಟ ಪ್ರಚಾರ ಕೊಟ್ಟವ್ರು ಯಾರು?

2022ರಾಗ ಕಾಂಗ್ರೆಸ್‌ನವ್ರು ಆಗಿನ ಸಿಎಂ ಬೊಮ್ಮಾಯಿ ಮುಖ ಕ್ಯೂಆರ್ ಕೋಡ್‌ನಾಗ ಹಾಕಿ ಮಾಡಿದ ಪೇಸಿಎಂ ಪೋಸ್ಟರ್ ನೋಡೇ ಜನ ಜಾಗೃತರಾದ್ರು ಅಂತ ವಿಡಂಬನೆ ಬಗ್ಗೆ ನಿಮ್ಮ ಲೇಖನದಾಗ ಬರ್ದೀರಲ್ಲ ಸರ್, ಅದು ಒಪ್ಪೋ ಮಾತಲ್ಲ ಬಿಡ್ರಿ. ಪೋಸ್ಟರ್ ಅಂಟಿಸಿದ್ದು ಬೆಂಗಳೂರಾಗ, ನಮ್ಮ ಕಲಬುರಗಿ ಕಡಿ ಮಂದಿಗೆ ಅದು ಗೊತ್ತಾಗಿದ್ದು ಪೊಲೀಸ್ರು ಅಂಟಿಸಿದವ್ರನ್ನ ಹಿಡ್ಕೊಂಡು ಹೋದ ಮ್ಯಾಲೆ, ಆಮ್ಯಾಲೆ ಸಿದ್ದರಾಮಯ್ಯ ಡಿಕೆಶಿ ತಾವೇ ಗೋಡೆಗೆ ಹಚ್ಚಾಕ ನಿಂತ್ರು ಅವ್ರನ್ನೂ ವಶಕ್ಕ ತಗೊಂಡ್ರು, ಟಿವಿಯವ್ರಿಗೆ ಇನ್ನೇನ್ ಬೇಕ್ರಿ. ಸಿಟ್ಟಿಗೆದ್ದವ್ರೇ ಪ್ರಚಾರ ಮಾಡಿಕೊಟ್ರು. ಮತ್ತ ಸರ್ಕಾರಿ ಕಾಮಗಾರಿಗೆ 40 ಪರ್ಸೆಂಟ್ ಕಮಿಷನ್ ಕೇಳ್ತಾರ ಅನ್ನೋ ಮಾತು ಗುತ್ತಿಗೆದಾರರ ಸಂಘದವ್ರು 2021ರಾಗೇ ಪ್ರಧಾನಿಗೆ ಪತ್ರ ಬರ್ದು ಎತ್ತಿದ್ದು, ಅದಿಲ್ಲಂದ್ರ ಆ ಕ್ಯೂಆರ್ ಕೋಡ್ ಬರೀ ಜೋಕ್ ಆಗಿರ್ತಿತ್ತು (ಆರೋಪ ಖರೇನೋ ಸುಳ್ಳೋ ಅದು ಬ್ಯಾರೆ).

ಈಗಿನವ್ರು ಬುಡ ಬಿಟ್ಟು ಬರೀ ಸಿಟ್ಟು ಬರ್ಸೋದು ಕಲ್ತಾರ. ನೆಟೆ ರೋಗಕ್ಕ ತೊಗರಿ ಒಣಗಿದಾಗ ನಮ್ಮೂರ ವಾಟ್ಸಾಪ್ ಗ್ರೂಪ್‌ನಾಗ ಒಬ್ಬಾಂವ ಪರಿಹಾರ ಯಾವಾಗ ಬರ್ತದ ಅಂತ ಕೇಳಿದ್ರ, ಕೆಳಗ ಎರಡೂ ಪಾರ್ಟಿ ಹುಡುಗ್ರು ಒಬ್ಬರ ಲೀಡರಿಗೆ ಒಬ್ಬರು ಸೀರಿ ಉಡಿಸಿದ ಫೋಟೋ ಹಾಕ್ಕೋತ ಕುಂತಿದ್ರು, ಅವನ ಮೆಸೇಜು ಎಲ್ಲೋ ಮ್ಯಾಲೆ ಹೋಗೇಬಿಡ್ತು. ಇದಕ್ಕೂ ವಿಡಂಬನೆ ಅಂತೀರೇನ್ರಿ? ಲೀಡರ್‌ಗಳು ಟ್ರೋಲ್‌ಗೆ ಟ್ರೋಲ್ ಮಾಡ್ಸೋ ಬದ್ಲು ಬೆಳೆ ವಿಮಾ ರೊಕ್ಕದ ಲೆಕ್ಕ ಹೇಳ್ಲಿ ನೋಡೋಣ.