ಪಂಚಾಯಿತಿಯ ಕಸದ ಗಾಡಿ ‘ಸ್ವಚ್ಛ ವಾಹಿನಿ’ಗೆ ಕೊಡುವ ಒಣ ಕಸ: ನನ್ನ ಸಂದೇಶಕ್ಕೆ ತಿದ್ದುಪಡಿ

‘ಪ್ಲಾಸ್ಟಿಕ್ಕನ್ನು ತೊಳೆಯದೆ ಒಂದೇ ಚೀಲದಲ್ಲಿ ಕೊಡಬಹುದು, ಘಟಕದಲ್ಲಿ ಅವರೇ ತೊಳೆಯುತ್ತಾರೆ’ ಎಂದು ಬಾಗಲಕೋಟೆ ತಾಲ್ಲೂಕಿನ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ನಾನು ಬರೆದಿದ್ದ ಸಂದೇಶ ಈಗ ಸುತ್ತಲಿನ ಊರುಗಳಿಗೂ ಹರಡಿದೆ. ಅದು ತಪ್ಪು. ಕಳೆದ ವಾರ ನಮ್ಮ ಪಂಚಾಯಿತಿಯ ಘಟಕಕ್ಕೆ ಹೋಗಿ ನೋಡಿದಾಗ, ಅಲ್ಲಿನ ಮಹಿಳೆಯರು ಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಿದ್ದರು. ತೊಳೆಯುವ ವ್ಯವಸ್ಥೆ ಇರಲಿಲ್ಲ. ಹಾಲಿನ ಪಾಕೀಟು ಮರುಬಳಕೆಗೆ ಬರುವ ಪಾಲಿಥೀನ್. ಆದರೆ ಒಳಗೆ ಹಾಲಿನ ಪಸೆ ಉಳಿದರೆ ನಮ್ಮ ಬಿಸಿಲಿಗೆ ಅದು ಬೇಗ ನಾರುವುದಲ್ಲದೆ ಪಕ್ಕದ ರದ್ದಿ ಕಾಗದವನ್ನೂ ಕೆಡಿಸುತ್ತದೆ. ಆದ್ದರಿಂದ ತೊಳೆದು, ಒಣಗಿಸಿ ಕೊಡಿ. ಕತ್ತರಿಸಿದ ಮೂಲೆಯ ಚೂರು ಪಾಕೀಟಿಗೇ ಅಂಟಿಕೊಂಡಿರಲಿ, ಬಿಡಿಯಾದರೆ ಅದನ್ನು ಯಾರೂ ಆರಿಸಲಾರರು. ಪಾದರಸವಿರುವ ಹಳೆಯ ಟ್ಯೂಬ್‌ಲೈಟನ್ನು ಒಡೆಯದೆ ಪ್ರತ್ಯೇಕವಾಗಿ ಕೊಡಿ. ಕಾಯಿಪಲ್ಲೆಯ ಸಿಪ್ಪೆಗೆ ಹಿತ್ತಿಲ ತಿಪ್ಪೆಯೇ ಸಾಕು. ನನ್ನ ಹಳೆಯ ಸಂದೇಶವನ್ನು ದಯವಿಟ್ಟು ಅಳಿಸಿ, ಯಾರಿಗೂ ಮುಂದೆ ಕಳಿಸಬೇಡಿ.