ಹೊಣೆ ಹೊತ್ತ ಕಡತ ಈಗ ಯಾರ ಮೇಜಿನಲ್ಲಿದೆ?

ಮದ್ಯದ ಬಾಟಲಿಯ ಬೆನ್ನಿನ ಮೇಲೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಹಿತವಚನ ಇರುತ್ತದೆ: ‘ಜವಾಬ್ದಾರಿಯಿಂದ ಕುಡಿಯಿರಿ.’ ಇದನ್ನು ಬರೆದ ಮಹಾನುಭಾವರು ಹಿಂದೆ ಯಾವುದೋ ಕಚೇರಿಯಲ್ಲಿ ನುರಿತ ಗುಮಾಸ್ತರಾಗಿದ್ದಿರಬೇಕು. ತನ್ನ ಮೇಜಿನ ಮೇಲಿರುವ ಕಡತವನ್ನು ಒಂದೇ ಸಾಲಿನ ಟಿಪ್ಪಣಿ ಬರೆದು ಪಕ್ಕದ ಮೇಜಿಗೆ ದಾಟಿಸುವ ಕೈಚಳಕ ಬೇರೆಯವರಿಗೆ ಒಲಿಯುವುದಿಲ್ಲ.

‘ಜವಾಬ್ದಾರಿಯಿಂದ ತಯಾರಿಸಿದ್ದೇವೆ’ ಎಂದು ಅಲ್ಲಿ ಬರೆದಿಲ್ಲ. ‘ಜವಾಬ್ದಾರಿಯಿಂದ ಮಾರಿದ್ದೇವೆ’ ಎಂದೂ ಇಲ್ಲ. ವಾಕ್ಯದ ಯಜಮಾನಿಕೆ ‘ಕುಡಿಯಿರಿ’ ಎಂಬ ಕ್ರಿಯಾಪದದ್ದು. ಜವಾಬ್ದಾರಿಗೆ ಸಿಕ್ಕಿರುವುದು ಬರೀ ಒಂದು ತೃತೀಯಾ ವಿಭಕ್ತಿ.

ಹೀಗೆ ಕಾರ್ಖಾನೆಯಿಂದ ಹೊರಟ ಕಡತ ಕುಡಿಯುವವನ ಕೈ ಸೇರುತ್ತದೆ. ಅವನು ಸಜ್ಜನ, ಮೊದಲ ಲೋಟ ಎತ್ತುವಾಗ ಪೂರ್ತಿ ಜವಾಬ್ದಾರನೇ. ತೊಡಕೆಂದರೆ, ‘ಇಷ್ಟು ಸಾಕು’ ಎಂದು ಷರಾ ಬರೆಯುವ ಅಧಿಕಾರಿ ಕುಳಿತಿರುವುದು ಮಿದುಳಿನ ಮುಂಭಾಗದಲ್ಲಿ. ಮದ್ಯ ಒಳಗೆ ಹೋದ ಕೂಡಲೇ ರಜೆ ಹಾಕಿ ಹೊರಡುವವರಲ್ಲಿ ಆ ಅಧಿಕಾರಿಯೇ ಮೊದಲಿಗ. ಕಾಲು ತಡವರಿಸುವುದು, ನಾಲಿಗೆ ತೊದಲುವುದು ಎಲ್ಲ ಆಮೇಲಿನ ಮಾತು. ಅಷ್ಟು ಹೊತ್ತಿಗೆ ವಿವೇಕದ ಕುರ್ಚಿ ಖಾಲಿಯಾಗಿ ಎಷ್ಟೋ ಹೊತ್ತಾಗಿರುತ್ತದೆ. ಬ್ರೇಕು ಕಳಚಿಟ್ಟುಕೊಂಡು ‘ನಿಧಾನವಾಗಿ ಚಲಿಸಿ’ ಎಂದು ಫಲಕ ಹಾಕುವವರನ್ನು ನಾವು ಹುಚ್ಚರೆನ್ನುತ್ತೇವೆ. ಇಲ್ಲಿ ಅದಕ್ಕೆ ಸಾಮಾಜಿಕ ಕಳಕಳಿ ಎಂದು ಹೆಸರು.

ಅಧಿಕಾರಿ ರಜೆಯಲ್ಲಿರುವುದರಿಂದ ಕಡತ ಯಕೃತ್ತಿನ ಮೇಜಿಗೆ ಬರುತ್ತದೆ. ನನಗೆ ಇಡೀ ದೇಹದಲ್ಲಿ ಅತ್ಯಂತ ಗೌರವ ಇರುವುದು ಈ ಸಿಬ್ಬಂದಿಯ ಮೇಲೆ. ಬಂದ ಮದ್ಯದಲ್ಲಿ ತೊಂಬತ್ತು ಪಾಲಿಗೂ ಹೆಚ್ಚನ್ನು ವಿಲೇವಾರಿ ಮಾಡುವುದು ಇದೇ. ಆದರೆ ನಿಯಮದ ಮನುಷ್ಯ: ಗಂಟೆಗೆ ಸುಮಾರು 30 ಮಿಲಿಲೀಟರಿನ ಒಂದು ಪೆಗ್, ಅದಕ್ಕಿಂತ ವೇಗವಾಗಿ ಕೈ ಓಡುವುದಿಲ್ಲ. ಬ್ಲ್ಯಾಕ್ ಕಾಫಿಯ ಲಂಚ ನಡೆಯುವುದಿಲ್ಲ, ನಿಂಬೆರಸದ ಶಿಫಾರಸೂ ನಡೆಯುವುದಿಲ್ಲ. ತಲೆಗೆ ತಣ್ಣೀರು ಸುರಿದರೆ ಸಿಗುವುದು ಒದ್ದೆ ಕುಡುಕನೇ ಹೊರತು ಇಳಿದ ಅಮಲಲ್ಲ. ವಿಲೇವಾರಿಯ ನಡುವೆ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಜೀವಕೋಶಗಳ ಡಿಎನ್‌ಎಯನ್ನೇ ಕೆಡಿಸುತ್ತದೆ. ಇಷ್ಟಾದರೂ ಯಕೃತ್ತು ಮುಷ್ಕರ ಹೂಡುವುದಿಲ್ಲ. ಕೊಬ್ಬು ತುಂಬಿಕೊಳ್ಳುತ್ತದೆ, ಊದಿಕೊಳ್ಳುತ್ತದೆ, ಗಾಯದ ಕಲೆಗಳಿಂದ ಗಟ್ಟಿಯಾಗುತ್ತದೆ, ಬಹುಪಾಲು ಮೌನವಾಗಿಯೇ. ಅದು ಬಾಯಿಬಿಟ್ಟು ದೂರುವ ದಿನ ಬಂದರೆ, ಕಣ್ಣು ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ.

ಈ ಕಡತಕ್ಕೆ ಬಹುಕಾಲ ಒಂದು ಪ್ರಮಾಣಪತ್ರವನ್ನೂ ಲಗತ್ತಿಸಲಾಗಿತ್ತು: ‘ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು.’ ಕುಡಿಯದವರಿಗಿಂತ ಮಿತವಾಗಿ ಕುಡಿಯುವವರೇ ಗಟ್ಟಿಮುಟ್ಟಾಗಿದ್ದಾರೆ ಎಂದು ಲೆಕ್ಕಗಳು ಹೇಳುತ್ತಿದ್ದವು. ಆಮೇಲೆ ಯಾರೋ ತುಂಟರು ‘ಕುಡಿಯದವರು’ ಎಂಬ ಸಾಲಿನಲ್ಲಿ ನಿಂತವರ ಮುಖ ನೋಡಿದರು. ಆರೋಗ್ಯ ಕೆಟ್ಟಿತೆಂದು ಕುಡಿತ ಬಿಟ್ಟವರೂ ಎಷ್ಟೋ ಅಧ್ಯಯನಗಳಲ್ಲಿ ಅದೇ ಸಾಲಿನಲ್ಲಿದ್ದರು! ಸೋತವರನ್ನು ಎದುರಾಳಿಯ ತಂಡಕ್ಕೆ ಸೇರಿಸಿ ಗೆದ್ದ ಆಟ ಅದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಹೇಳಿಬಿಟ್ಟಿತು. ಆದರೂ ಹೃದಯದ ಮೇಲಿನ ಕಾಳಜಿಯಿಂದಲೇ ಲೋಟ ಎತ್ತುವವರು ನನ್ನ ಪರಿಚಯದಲ್ಲಿ ಮೂವರಿದ್ದಾರೆ. ಮೂವರೂ ಲಿಫ್ಟ್ ಕೆಟ್ಟ ದಿನ ಎರಡನೆಯ ಮಹಡಿ ಹತ್ತಲು ಒಪ್ಪುವುದಿಲ್ಲ.

ಹಾಗೆ ನೋಡಿದರೆ ಹೊಸ ಸುದ್ದಿ ಇದರಲ್ಲಿ ಏನೂ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತನ ಎಂದು ಪಟ್ಟಿ ಹೋಗುತ್ತದೆ. ತಂಬಾಕು, ಆಸ್ಬೆಸ್ಟಾಸ್ ಅದೇ ವರ್ಗದ ಸಹಪಾಠಿಗಳು. ‘ಆಸ್ಬೆಸ್ಟಾಸನ್ನು ಜವಾಬ್ದಾರಿಯಿಂದ ಉಸಿರಾಡಿ’ ಎಂದು ಈವರೆಗೆ ಯಾರಿಗೂ ಬರೆಯಲು ತೋಚಿಲ್ಲ. ಕ್ಯಾನ್ಸರ್ ಎಂಬ ಪದವನ್ನು ಬಾಟಲಿಯ ಮೇಲೆ ಕಡ್ಡಾಯವಾಗಿ ಅಚ್ಚು ಹಾಕಿಸಬೇಕೆಂದು ಐರ್ಲೆಂಡ್ 2023ರಲ್ಲಿ ನಿಯಮ ಮಾಡಿತು. 2026ಕ್ಕೆ ಜಾರಿಯಾಗಬೇಕಿದ್ದ ಅದನ್ನು 2028ಕ್ಕೆ ಮುಂದೂಡಲಾಗಿದೆ. ಕ್ಯಾನ್ಸರಿಗೆ ಇಂಥ ಮುಂದೂಡಿಕೆಯ ಸೌಲಭ್ಯ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಸರ್ಕಾರಗಳ ಮೇಜಿಗೂ ಕಡತ ಹೋಗುವುದುಂಟು. ಅಲ್ಲಿ ಒಂದು ಕೋಣೆಯಲ್ಲಿ ಮದ್ಯದ ತೆರಿಗೆ ಈ ವರ್ಷ ಗುರಿ ಮುಟ್ಟಿತೇ ಎಂದು ಎಣಿಸುತ್ತಿರುತ್ತಾರೆ, ಪಕ್ಕದ ಕೋಣೆಯಲ್ಲಿ ವ್ಯಸನಮುಕ್ತಿ ಸಪ್ತಾಹದ ಬ್ಯಾನರಿಗೆ ಬಣ್ಣ ಆರಿಸುತ್ತಿರುತ್ತಾರೆ. ಮಗುವನ್ನು ಚಿವುಟುವವರು, ತೊಟ್ಟಿಲು ತೂಗುವವರು ಇಬ್ಬರಿಗೂ ಸಂಬಳ ಒಂದೇ ಖಜಾನೆಯಿಂದ. ಮದ್ಯದ ಕಾರಣಕ್ಕೆ 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 26 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಅಂಕಿ ಎರಡು ಕೋಣೆಗಳ ನಡುವಿನ ಹಜಾರದಲ್ಲೇ ಎಲ್ಲೋ ಕುಳಿತಿರುತ್ತದೆ.

‘ಹಾಗಾದರೆ ನಾಳೆಯೇ ಬಿಟ್ಟುಬಿಡುತ್ತೇನೆ’ ಎನ್ನುವ ವೀರರಿಗೆ ಒಂದು ಮಾತು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರ ರಾಜೀನಾಮೆಯನ್ನು ದೇಹ ಅಷ್ಟು ಸುಲಭವಾಗಿ ಅಂಗೀಕರಿಸುವುದಿಲ್ಲ. ಏಕಾಏಕಿ ನಿಲ್ಲಿಸಿದರೆ ಕೈ ನಡುಗುವುದರಿಂದ ಹಿಡಿದು ಫಿಟ್ಸ್, ಸನ್ನಿಯವರೆಗೆ ಹೋಗಿ ಜೀವಕ್ಕೇ ಕುತ್ತು ಬರಬಹುದು. ಬಿಡುವುದಕ್ಕೆ ವೈದ್ಯರ ನೆರವು ಬೇಕು. ಈ ಸಾಲನ್ನು ಮಾತ್ರ ಯಾವ ಬಾಟಲಿಯ ಮೇಲೂ ನಾನು ಕಂಡಿಲ್ಲ. ಬಿಡುವುದನ್ನು ಜವಾಬ್ದಾರಿಯಿಂದ ಹೇಗೆ ಮಾಡಬೇಕೆಂದು ಹೇಳಿಕೊಟ್ಟರೆ ವ್ಯಾಪಾರ ಏನಾಗಬೇಕು?

ಕಡತ ಇಷ್ಟೆಲ್ಲ ಸುತ್ತಿದರೂ ಅದಕ್ಕೆ ಸಹಿ ಬಿದ್ದಿರಲಿಲ್ಲವಲ್ಲ, ಅದು ಕೊನೆಗೆ ಆಸ್ಪತ್ರೆಯಲ್ಲಿ ಬೀಳುತ್ತದೆ. ದಾಖಲಾತಿ ಅರ್ಜಿಯ ಕೆಳಗಡೆ ಒಂದು ಖಾಲಿ ಗೆರೆ ಇರುತ್ತದೆ: ‘ರೋಗಿಯ ಜವಾಬ್ದಾರಿ ಹೊತ್ತವರು.’ ಆ ಹೊತ್ತಿಗೆ ಕಾರ್ಖಾನೆ ಮುಚ್ಚಿರುತ್ತದೆ, ತೆರಿಗೆಯ ಕೋಣೆಗೆ ಬೀಗ ಬಿದ್ದಿರುತ್ತದೆ, ಜೊತೆಗೆ ಕುಡಿದ ಗೆಳೆಯರ ಫೋನು ಹತ್ತುತ್ತಿರುವುದಿಲ್ಲ. ಈ ಇಡೀ ಕಡತದಲ್ಲಿ ಒಂದು ಹನಿಯನ್ನೂ ಮುಟ್ಟದ ಒಬ್ಬ ಹೆಂಗಸು ನಡುರಾತ್ರಿ ಕೌಂಟರಿನ ಮುಂದೆ ನಿಂತು, ಎಲ್ಲಿ ಸಹಿ ಹಾಕಬೇಕು ಎಂದು ಕೇಳುತ್ತಾಳೆ.