ಬದನೆಕಾಯಿಗೆ ಉಂಗುರ

ಈ ಸಲದ ದೀಪಾವಳಿಯಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕಷ್ಟಪಟ್ಟಿದ್ದು ಬದನೆಕಾಯಿಗಳು.

ಅಕ್ಕನ ಮಗ ಬಂದಿದ್ದ. ಪ್ರಾಣಿಶಾಸ್ತ್ರ ಓದಿದ ಹುಡುಗ. ತಮಿಳುನಾಡಿನ ಕಡಲ ಅಂಚಿನಲ್ಲಿ ಕೋಡಿಕ್ಕರೈ ಅಂತ ಊರಿದೆ. ಅಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ಹಾಕಿ, ಮತ್ತೆ ಹಾರಿಬಿಡುತ್ತಾರೆ. ಅಲ್ಲಿ ಎರಡು ವಾರ ಇದ್ದು, ಬಲೆ ಕಟ್ಟಿ, ಚೀಲ ಹೊತ್ತು ಬಂದಿದ್ದ. ಬಂದವನಿಗೆ ಚಕ್ಕುಲಿ, ಶಂಕರಪಾಳಿ ಯಾವುದೂ ಬೇಡ. ಬರೀ ಹಕ್ಕಿಯ ಮಾತು.

"ಹಕ್ಕಿನ ಹೆಂಗ ಹಿಡೀತಾರ ಗೊತ್ತೇನು ಮಾಮಾ?" ಅಂದ. ನನಗೇನು ಗೊತ್ತು? ನಾನು ಶಾಲೆ ಮಾಸ್ತರ. ಹುಡುಗರ ಕಿವಿ ಹಿಡಿದದ್ದಷ್ಟೇ ಗೊತ್ತು, ಅದೂ ಹಳೇ ಕಾಲದಲ್ಲಿ.

ಅಡುಗೆಮನೆಯಲ್ಲಿ ಎಣ್ಣೆಗಾಯಿಗೆಂದು ತಂದಿಟ್ಟಿದ್ದ ಮುಳಗಾಯಿಯಲ್ಲಿ ಸಣ್ಣದೊಂದನ್ನು ಎತ್ತಿಕೊಂಡ. ತೊಟ್ಟೇ ತಲೆ. ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಕುತ್ತಿಗೆ ಬರಬೇಕು. ಬೆನ್ನು ಅಂಗೈಗೆ ಒರಗಬೇಕು. ಉಳಿದ ಬೆರಳುಗಳು ಪಂಜರದ ಹಾಗೆ ಸುತ್ತ ಇರಬೇಕು, ಆದರೆ ಎದೆ ಅದುಮಬಾರದು. ಎದೆ ಅಲುಗಾಡದಿದ್ದರೆ ಹಕ್ಕಿಗೆ ಉಸಿರಾಡಲು ಆಗುವುದಿಲ್ಲವಂತೆ. ನಾನೂ ಒಂದು ಹಿಡಿದೆ. "ಮಾಮಾ, ಸತ್ತೇ ಹೋಯ್ತು" ಅಂದ. ಇನ್ನೊಂದು ಹಿಡಿದೆ. ಅದೂ ಸತ್ತಿತು. ನಾಲ್ಕನೆಯದು ಬದುಕಿತು.

ಆಮೇಲೆ ತೂಕ. ಹಕ್ಕಿಯನ್ನು ಬಟ್ಟೆಯ ಚೀಲದೊಳಗಿಟ್ಟು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕುತ್ತಾರೆ. ಕತ್ತಲಾದರೆ ಹಕ್ಕಿ ಸುಮ್ಮನಿರುತ್ತದೆ. ನಾವು ಬಂಗಾರದ ಅಂಗಡಿಯವರು ಕೊಟ್ಟಿದ್ದ ಕೆಂಪು ಚೀಲ ತಗೊಂಡೆವು. ಕೊನೆಗೆ ಉಂಗುರ. ನಿಜವಾದದ್ದು ಅಲ್ಯೂಮಿನಿಯಮ್ಮಿನದು, ಮೇಲೆ ನಂಬರು ಮತ್ತು ಬಾಂಬೆ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ. ಕಾಲಲ್ಲಿ ಸಲೀಸಾಗಿ ತಿರುಗಬೇಕು, ಬಿದ್ದೂ ಹೋಗಬಾರದು. ನಾನು ನನ್ನ ಬಿಪಿ ಗುಳಿಗೆಯ ಬೆಳ್ಳಿ ಹಾಳೆ ಕತ್ತರಿಸಿ, ತೊಟ್ಟಿಗೆ ಸುತ್ತಿ, ಪೆನ್ನಿನಿಂದ '1' ಎಂದು ಬರೆದೆ. ಹೆಂಡತಿ ಬಂದು ಆರೂ ಬದನೆಕಾಯಿಗಳನ್ನು ಬುಟ್ಟಿಗೆ ಹಾಕಿಕೊಂಡು ಹೋದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಉಂಗುರದ ಹಕ್ಕಿ ಮುಂದೆಂದೋ ಇನ್ನೆಲ್ಲೋ ಮತ್ತೆ ಸಿಕ್ಕರೆ ಅದಕ್ಕೆ 'ರಿಕವರಿ' ಅನ್ನುತ್ತಾರೆ. ನಮ್ಮ ಮನೆಯ ಮೊದಲ ರಿಕವರಿ ಅದೇ ಮಧ್ಯಾಹ್ನ ಅಪ್ಪನ ಹಲ್ಲಿಗೆ ಸಿಕ್ಕಿತು.

ನನಗೆ ಹುಚ್ಚು ಹಿಡಿಯಿತು. ನಮ್ಮ ತಾರಸಿಯ ನೀರಿನ ಟಾಕಿ ಮೇಲೆ ದಿನಾ ಹತ್ತಾರು ಪಾರಿವಾಳ ಕೂರುತ್ತವೆ, ಒಣಹಾಕಿದ ಬಟ್ಟೆಗೆಲ್ಲ ಸಹಿ ಹಾಕಿ ಹೋಗುತ್ತವೆ. ಒಂದನ್ನು ಹಿಡಿದು ಅಭ್ಯಾಸ ಮಾಡೋಣ ಅಂದೆ. ಅಳಿಯ ನನ್ನನ್ನು ನೋಡಿದ ನೋಟ! ಮೊದಲನೆಯದು, ಉಂಗುರ ಹಾಕಲು ಪರವಾನಗಿ ಬೇಕು, 1972ರ ವನ್ಯಜೀವಿ ಕಾಯ್ದೆ ಇದೆ. ಎರಡನೆಯದು, "ಪಾರಿವಾಳ ನೋಡ್ಲಾಕ ಯಾರರ ಹೋಗ್ತಾರೇನು ಮಾಮಾ?" ಹಾಕುವುದು ಬೇಡ, ಯಾರೋ ಹಾಕಿದ್ದನ್ನು ಹುಡುಕಿ ಓದೋಣ, ಓದೋದಕ್ಕೆ ಯಾರ ಅಪ್ಪಣೆಯೂ ಬೇಡ ಅಂದ. ಬೋನಾಳಕ್ಕೆ ಹೋಗುವುದು ಎಂದಾಯಿತು.

ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಹೊರಟೆವು. ಕಾರು ಪಕ್ಕದ ಮನೆಯವರದು. ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಭೀಮಾ ನದಿ ಕತ್ತಲಲ್ಲಿ ಕಾಣಲೇ ಇಲ್ಲ, ತಣ್ಣನೆ ಗಾಳಿ ಮಾತ್ರ ಬಂತು. ದಾರಿಯುದ್ದಕ್ಕೂ ಅಳಿಯನ ಪಾಠ. ಡೆನ್ಮಾರ್ಕಿನಲ್ಲಿ ಮಾರ್ಟೆನ್ಸನ್ ಅಂತ ಒಬ್ಬ ಮಾಸ್ತರ, 1899ರಲ್ಲಿ 165 ಕಬ್ಬಕ್ಕಿಗಳ ಕಾಲಿಗೆ ನಂಬರಿನ ಉಂಗುರ ಹಾಕಿದನಂತೆ. ಈ ವಿದ್ಯೆ ಸರಿಯಾಗಿ ಶುರುವಾದದ್ದೇ ಅಲ್ಲಿಂದ. ನಮ್ಮ ದೇಶದಲ್ಲಿ ಮೊದಲು 1927ರಲ್ಲಿ, ಮಧ್ಯಪ್ರದೇಶದ ಧಾರ್‌ನಲ್ಲಿ. ಮಾರ್ಟೆನ್ಸನ್ ಮಾಸ್ತರನ ಬಗ್ಗೆ ನನಗೆ ಆಶ್ಚರ್ಯ ಆಗಲಿಲ್ಲ. ಒಂದು ಕಡೆ ನೂರಾರು ಜನ ಗಲಾಟೆ ಮಾಡುತ್ತಾ ಕೂತಿದ್ದರೆ ನಂಬರು ಕೊಟ್ಟು ಹಾಜರಿ ಹಾಕೋಣ ಅಂತ ಮಾಸ್ತರನಿಗಲ್ಲದೆ ಇನ್ಯಾರಿಗೆ ಅನ್ನಿಸುತ್ತದೆ?

ಶಹಾಪುರದಲ್ಲಿ ಬೆಳಕಾಯಿತು. ಮಲಗಿದ ಬುದ್ಧನ ಬೆಟ್ಟ ನೋಡುತ್ತಾ ಸುಸಲಾ, ಮಿರ್ಚಿ ತಿಂದೆವು. ಮಿರ್ಚಿಯದ್ದೇ ತಪ್ಪು ಎಂದು ಆಮೇಲೆ ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಬೋನಾಳ ಸುರಪುರ ತಾಲ್ಲೂಕಿನ ದೊಡ್ಡ ಕೆರೆ. ಸುರಪುರದ ದೊರೆ ಪಾಮ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಆಮೇಲೆ ಬ್ರಿಟಿಷರ ಕಾಲದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಈಗ ಅದು ಪಕ್ಷಿಧಾಮ. ಏರಿ ಹತ್ತಿದ ಕೂಡಲೇ ನೀರಿನ ತುಂಬ ಹಕ್ಕಿ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆ, ಕಾಲ ಬಳಿ ಕುಂಡೆಕುಸ್ಕ. ಚಳಿಗಾಲ ಬಂತೆಂದರೆ ಹಿಮಾಲಯದ ಕಡೆಯಿಂದ ಇಷ್ಟು ದೂರ ಬಂದು ಬಾಲ ಕುಣಿಸುವ ಹಕ್ಕಿ ಇದು. ಅದಕ್ಕೆ ಈ ಹೆಸರಿಟ್ಟವರ ಕೈಗೆ ನಮಸ್ಕಾರ. ಇದಕ್ಕಿಂತ ಸರಿಯಾದ ಹೆಸರು ನೂರು ಪಂಡಿತರು ಕೂತರೂ ಹುಟ್ಟುವುದಿಲ್ಲ.

ಅಳಿಯನ ಕಣ್ಣು ಪಟ್ಟೆತಲೆ ಹೆಬ್ಬಾತಿನ ಮೇಲೆ. ಹಿಮಾಲಯ ದಾಟಿ ಬರುವ ಬಾತು. ಮಂಗೋಲಿಯಾದಲ್ಲಿ ಅದರ ಕುತ್ತಿಗೆಗೆ ಅಕ್ಷರ ಬರೆದ ಪಟ್ಟಿ ಹಾಕುತ್ತಾರೆ, ದೂರದಿಂದಲೇ ಓದಬಹುದು. ಅದಕ್ಕೇ ಗೆಳೆಯನ ದೂರದರ್ಶಕ ತಂದಿದ್ದ. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಅದನ್ನು ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡತೊಡಗಿದ. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತೆ. ಹಕ್ಕಿಯ ಹೆಸರು, ಎಷ್ಟು, ಉಂಗುರ ಇದೆಯೋ ಇಲ್ಲವೋ, ಮೂರು ಸಾಲು.

ಹತ್ತು ನಿಮಿಷ ಆಗಿಲ್ಲ, ರುಮಾಲು ಸುತ್ತಿದ ಹಿರಿಯರೊಬ್ಬರು ಬಂದರು.

"ಸರ್ವೇಕ್ಕ ಬಂದೀರೇನ್ರಿ ಸಾಹೇಬ್ರ?"

"ಇಲ್ರೀ, ಹಕ್ಕಿ ನೋಡ್ಲಾಕ ಬಂದೀವಿ."

ಅವರು ದೂರದರ್ಶಕ ನೋಡಿದರು. ನನ್ನ ಪುಸ್ತಕ ನೋಡಿದರು. ಅದರಲ್ಲಿ ಎಳೆದಿದ್ದ ಗೆರೆಗಳನ್ನು ನೋಡಿದರು. "ಇರ್ಲಿ ಬಿಡ್ರಿ. ಹೇಳಬ್ಯಾಡಂತ ಮ್ಯಾಲಿನವ್ರು ಹೇಳಿರ್ತಾರ" ಅಂದು ಹೋದರು. ಅರ್ಧ ಗಂಟೆಯಲ್ಲಿ ಐದು ಜನ ಪಹಣಿ ಹಿಡಿದು ಬಂದರು. ಒಬ್ಬರ ಬದುವನ್ನು ಪಕ್ಕದವರು ಎರಡು ಮೊಳ ಒತ್ತಿದ್ದಾರೆ. ಇನ್ನೊಬ್ಬರಿಗೆ ಕಾಲುವೆಗೆ ಹೋದ ಜಮೀನಿನ ಪರಿಹಾರ ಬಂದಿಲ್ಲ. ಬದು ಒತ್ತಿದವರೂ ಬಂದಿದ್ದರು, ತಮ್ಮ ಕಡೆಯ ನ್ಯಾಯ ಹೇಳಲು. ನಾನು ಮಾಸ್ತರ ಅಂದೆ. ಮಾಸ್ತರ ಅಂದರೆ ಇನ್ನೂ ಒಳ್ಳೆಯದಾಯ್ತು, ಗಣತಿಗೆ ನಿಮ್ಮನ್ನೇ ಕಳಿಸ್ತಾರಲ್ಲ ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಅಳಿಯ ರುಮಾಲಿನ ಕಾಕಾನಿಗೆ ದೂರದರ್ಶಕದಲ್ಲಿ ಒಂದು ನೇರಳೆ ಜಂಬುಕೋಳಿ ತೋರಿಸಿದ. ನೀಲಿ ಮೈ, ಕೆಂಪು ಕೊಕ್ಕು, ಜೊಂಡಿನ ಮೇಲೆ ರಾಣಿಯ ಹಾಗೆ ನಡೆಯುತ್ತಿತ್ತು. ಕಾಕಾ ಬಹಳ ಹೊತ್ತು ನೋಡಿದರು. ಮೆಚ್ಚಿದರು ಅಂದುಕೊಂಡೆ.

"ಇದೇ ನೋಡ್ರಿ ಕಳ್ಳ. ನನ್ನ ಭತ್ತಾ ತಿನ್ನೋದು. ಬರಕೋರಿ ಇದನ್ನ."

ಬರೆದುಕೊಂಡೆ. ನೇರಳೆ ಜಂಬುಕೋಳಿ, 1, ಉಂಗುರ ಇಲ್ಲ. ಕಾಕಾ ಬಗ್ಗಿ ನೋಡಿ, ಸಮಾಧಾನದಿಂದ ತಲೆ ಆಡಿಸಿದರು. ಆ ದಿನ ಬೋನಾಳದಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು. ಹೆಬ್ಬಾತು ಬರಲೇ ಇಲ್ಲ.

ರಾತ್ರಿ ಸುರಪುರದಲ್ಲಿ ನೆಂಟರ ಮನೆ. ಊಟಕ್ಕೆ ಎಣ್ಣೆಗಾಯಿ ಬಡಿಸಿದರು. ಇಬ್ಬರೂ ತೊಟ್ಟು ನೋಡಿ ತಿಂದೆವು.

ಭಾನುವಾರ ಒಂಬತ್ತರ ಹೊತ್ತಿಗೆ ಅದು ಕಂಡಿತು. ನಾನೇ ಕಂಡದ್ದು, ಅದನ್ನು ಒತ್ತಿ ಹೇಳುತ್ತೇನೆ. ಏರಿಯ ಕಲ್ಲಿನ ಹಿಂದೆ, ನೀರಿನ ಅಂಚಿಗೆ, ಹುಲ್ಲಿನ ಮರೆಯಲ್ಲಿ ಎರಡು ಕೆಂಪು ಕಾಲು. ಬಲಗಾಲಲ್ಲಿ ನೀಲಿ ಉಂಗುರ.

ಅಳಿಯನ ಕೈ ನಡುಗಿತು. "ಅಲುಗಾಡಬ್ಯಾಡ ಮಾಮಾ" ಅಂದ. ಕೆಂಪುಕಾಲಿನ ಗೊರವ ಇರಬೇಕು, ಎಲ್ಲಿಂದ ಬಂದಿದೆಯೋ ಏನೋ ಅಂತ ಪಿಸುಗುಟ್ಟಿದ. ನಾವಿಬ್ಬರೂ ಹೊಟ್ಟೆಯ ಮೇಲೆ ತೆವಳಿದೆವು. ನನ್ನ ಮೊಣಕೈಗೆ ಬಳ್ಳಾರಿ ಜಾಲಿಯ ಮುಳ್ಳು ಹೊಕ್ಕಿತು. ಬಾಯಿ ಬಿಡಲಿಲ್ಲ. ವಿಜ್ಞಾನಕ್ಕೆ ಇಷ್ಟಾದರೂ ಮಾಡಬೇಕಲ್ವಾ? ಅಳಿಯ ಎರಡು ಅಕ್ಷರ ಓದಿದ, ಆಮೇಲೆ ಅಂಕಿ. ನಾನು ಬರೆದುಕೊಂಡೆ.

ಹಕ್ಕಿ ಮುಂದೆ ಬಂದು ನೀರಿಗೆ ಕೊಕ್ಕಿಟ್ಟಿತು. ಇಟ್ಟದ್ದು ಎತ್ತಲೇ ಇಲ್ಲ. ಎಮ್ಮೆಯ ಹಾಗೆ ಒಂದೇ ಸಮ ಹೀರಿತು. ಬೇರೆ ಹಕ್ಕಿಗಳಾದರೆ ಗುಟುಕು ತುಂಬಿಕೊಂಡು ತಲೆ ಎತ್ತಿ ನುಂಗುತ್ತವೆ. ಹೀಗೆ ಹೀರಿ ಕುಡಿಯುವುದು ಯಾವುದು ಎಂದು ಅಳಿಯನಿಗೆ ಚೆನ್ನಾಗಿ ಗೊತ್ತು. ಅವನ ಮುಖ ನಿಧಾನಕ್ಕೆ ಇಳಿಯಿತು. ಅಷ್ಟರಲ್ಲಿ ಅದು ಮೈಮುರಿಯಿತು, ಒಂದು ರೆಕ್ಕೆ ಪೂರ್ತಿ ಬಿಚ್ಚಿತು. ಬಿಳಿ ಗರಿಗಳ ಮೇಲೆ ನೇರಳೆ ಶಾಯಿಯಲ್ಲಿ ಠಸ್ಸೆ ಒತ್ತಿದ ಹತ್ತು ಅಂಕಿಯ ಮೊಬೈಲ್ ನಂಬರು.

ಪಾರಿವಾಳ. ಪಂದ್ಯದ ಪಾರಿವಾಳ.

ಓದಿದ ಮೇಲೆ ತಿಳಿಸಬೇಕು, ಅದು ಉಂಗುರದ ಧರ್ಮ. ಫೋನ್ ಮಾಡಿದೆ.

"ಬಲಗಾಲಿಗಿ ನೀಲಿ ಉಂಗುರ ಅದಾ ಅಂಕಲ್?" ಹುಡುಗನ ದನಿ. "ಮುಂಜಾನಿ ಬಳ್ಳಾರಿದಾಗ ಬಿಟ್ಟೀವಿ. ನೀರ ಕುಡ್ಲಾಕ ಇಳದಿರ್ತದ. ಹಿಡೀಬ್ಯಾಡ್ರಿ, ತಾನೇ ಬರ್ತದ. ನೀವು ಯಾವ ಊರವ್ರು?"

ಕಲಬುರಗಿ ಅಂದೆ. ಕಲಬುರಗಿಯಲ್ಲಿ ಎಲ್ಲಿ ಅಂದ. ಬಡಾವಣೆ ಹೇಳಿದೆ, ಗಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಸರ್, ನೀವೇನ್ರಿ? ನಾ ನಿಮ್ಮ ಹಿಂದಿನ ಗಲ್ಲಿಯಂವ! ಕಬೂತರ್ ನೋಡ್ಲಾಕ ಬೋನಾಳಕ್ಕ ಹೋಗೀರಿ?"

ಪಾರಿವಾಳ ಎದ್ದಿತು. ಒಂದು ಸುತ್ತು ಹಾಕಿ ನೇರ ಬಡಗಣಕ್ಕೆ ಹೊರಟಿತು. ದಾರಿ ಕೇಳಲಿಲ್ಲ, ಮ್ಯಾಪ್ ನೋಡಲಿಲ್ಲ. ನಾವೂ ಗಂಟು ಕಟ್ಟಿದೆವು. ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಹೊರಟರೆ, ಜೇವರ್ಗಿ ಇನ್ನೂ ಒಂದು ಮೈಲಿ ಇರುವಾಗ ಟೈರ್ ಪಂಕ್ಚರ್. ಬದಲಿ ಟೈರಿನಲ್ಲೂ ಗಾಳಿ ಇಲ್ಲ. ಅದನ್ನು ಉರುಳಿಸಿಕೊಂಡು ಪಂಕ್ಚರ್ ಅಂಗಡಿ ಮುಟ್ಟಿ, ಬೆವರು ಒರೆಸಿಕೊಳ್ಳುವಾಗ ಫೋನ್ ಬಂತು.

"ಸರ್, ಬಂತ್ರಿ. ಹತ್ತೂಮುಕ್ಕಾಲಕ್ಕ. ನೀವು ಎಲ್ಲಿದ್ದೀರಿ?"

ಅಳಿಯ ಪುಸ್ತಕ ತೆಗೆದು ಕೊನೆಯ ಸಾಲು ಬರೆದ. ಸಾಕು ಪಾರಿವಾಳ, 1, ಉಂಗುರ ಇದೆ.

ಮನೆ ಮುಟ್ಟಿದಾಗ ಎರಡು ಗಂಟೆ. ಹಿಂದಿನ ಗಲ್ಲಿಯ ಹುಡುಗ ಅಷ್ಟರಲ್ಲಿ ಬಂದು ಎಲ್ಲ ಹೇಳಿ ಹೋಗಿದ್ದ. ಹೆಂಡತಿ ನನ್ನ ಮೊಣಕೈ ತಿರುಗಿಸಿ, ಸೂಜಿಯಿಂದ ಮುಳ್ಳು ಕೀಳುತ್ತಾ ಕೇಳಿದಳು:

"ನೀಲಿ ಉಂಗುರದ್ದಲ್ರೀ? ಅದು ದಿನಾ ನಮ್ಮ ಟಾಕಿ ಮ್ಯಾಲೇ ಕೂಡ್ತದಲ್ಲ."